ಗೀಸರ್ ಪಾಪ, ಏನೂ ಮಾಡಿರಲಿಲ್ಲ

ಒಂದು ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ಗೀಸರ್‌ಗೆ ಬೈದಿದ್ದೇ ಬೈದಿದ್ದು. ಅದನ್ನು ಹಾಕಿ ಸ್ವಲ್ಪ ಹೊತ್ತಿಗೆ ಟಪ್ ಅಂತ ಸದ್ದು, ಇಡೀ ಮನೆ ಕತ್ತಲು. ಮೈಗೆ ಸೋಪು ಹಚ್ಚಿಕೊಂಡವರು ಒಳಗಿಂದ ಕೂಗುವುದು, ನಾನು ಮೊಬೈಲ್ ಟಾರ್ಚ್ ಹಿಡಿದು ಬೋರ್ಡಿನ ಹತ್ತಿರ ಓಡುವುದು. ಗೀಸರ್ ರಿಪೇರಿಯವರು ಬಂದು ಕಾಯಿಲ್ ಬದಲಾಯಿಸಿ ಹೋದರು. ಎರಡು ದಿನ ಸುಮ್ಮನಿತ್ತು. ಮೂರನೇ ದಿನ ಇಸ್ತ್ರಿ ಪೆಟ್ಟಿಗೆ ಹಾಕಿದಾಗ ಮತ್ತೆ ಟಪ್.

ಆಗ ಬಂದ ಎಲೆಕ್ಟ್ರಿಷಿಯನ್ ಬೋರ್ಡ್ ಕಡೆ ಒಮ್ಮೆ ನೋಡಿ, "ಸಾರ್, ಈ ಆರ್‌ಸಿಸಿಬಿ ವೀಕ್ ಆಗಿದೆ, ಹೊಸದು ಹಾಕಿಬಿಡೋಣ" ಅಂದ. ಆರ್‌ಸಿಸಿಬಿ ಅಂದರೆ ಕರೆಂಟ್ ಎಲ್ಲಾದರೂ ಸೋರಿದರೆ ತಾನಾಗಿ ಬಿದ್ದು ಮನೆಯ ಕರೆಂಟ್ ನಿಲ್ಲಿಸುವ ಸ್ವಿಚ್ಚು. ಹಾಕಿದೆವು. ಹೊಸದೂ ಬಿತ್ತು. ಮುಂದಿನ ಸಲ ಬಂದಾಗ ಇನ್ನೂ ಸುಲಭದ ದಾರಿ ಹೇಳಿದ: "ಇದನ್ನ ತೆಗೆದು ಡೈರೆಕ್ಟ್ ಕೊಟ್ಟುಬಿಡ್ತೀನಿ ಸಾರ್, ಆಮೇಲೆ ತೊಂದ್ರೇನೇ ಇರಲ್ಲ."

ಇಷ್ಟುದ್ದ ಬರೆಯಲು ಕೂತಿದ್ದೇ ಈ ಮಾತಿಗೆ. ಆ ಸ್ವಿಚ್ಚು ಪದೇ ಪದೇ ಬೀಳುತ್ತಿದೆ ಅಂದರೆ ಅದು ಏನೋ ಹೇಳುತ್ತಿದೆ. ಹೇಳುವವರ ಬಾಯಿ ಮುಚ್ಚಿಸಿದರೆ ತೊಂದರೆ ಹೋಗುತ್ತದಾ?

ಎಂಸಿಬಿ ಬೇರೆ, ಆರ್‌ಸಿಸಿಬಿ ಬೇರೆ. ಎಂಸಿಬಿ ಒಂದೊಂದು ಲೈನಿಗೂ ಒಂದೊಂದು ಇರುವ ಸ್ವಿಚ್ಚು; ಲೋಡ್ ಜಾಸ್ತಿ ಆದರೆ, ಶಾರ್ಟ್ ಆದರೆ ಅದು ಬೀಳುತ್ತದೆ. ಆರ್‌ಸಿಸಿಬಿ ನೋಡುವುದು ಒಂದೇ ಲೆಕ್ಕ. ಫೇಸ್‌ನಲ್ಲಿ ಎಷ್ಟು ಕರೆಂಟ್ ಹೋಯಿತೋ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಇಲ್ಲವಾ ಅಂತ. ಕಡಿಮೆ ಬಂದರೆ ಉಳಿದದ್ದು ಎಲ್ಲೋ ಸೋರಿ ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ, ಕೆಲವೊಮ್ಮೆ ಯಾರದ್ದಾದರೂ ಮೈಯ ಮೂಲಕ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರ್‌ನದು. ಅಷ್ಟು ಸೋರಿದರೆ 300 ಮಿಲಿಸೆಕೆಂಡ್ ಒಳಗೆ ಅದು ಬೀಳಲೇಬೇಕು. ಕರೆಂಟ್ ವೈರ್ ಹಿಡಿದ ಕೈಯನ್ನು ತಾನಾಗಿ ಬಿಡಿಸಿಕೊಳ್ಳಲು ಎಷ್ಟರವರೆಗೆ ಆಗುತ್ತದೆ ಅಂತ ಚಾರ್ಲ್ಸ್ ಡಾಲ್ಜಿಯಲ್ ಎಂಬ ಪ್ರೊಫೆಸರ್ ಒಪ್ಪಿ ಬಂದವರ ಮೇಲೆ ಪ್ರಯೋಗ ಮಾಡಿ ಅಳೆದಿದ್ದರು. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಒಂದು ಸಾಮಾನ್ಯ ಎಲ್‌ಇಡಿ ಬಲ್ಬ್ ಎಳೆಯುವ ಕರೆಂಟಿಗಿಂತಲೂ ಇದು ಕಡಿಮೆ. "ಡೈರೆಕ್ಟ್ ಕೊಡ್ತೀನಿ" ಅನ್ನುವವರಿಗೆ ಈ ಲೆಕ್ಕ ಒಮ್ಮೆ ಹೇಳಿ ನೋಡಿ.

ಸರಿ, ನಾನೇ ಪತ್ತೆ ಮಾಡುತ್ತೇನೆ ಅಂತ ಹೊರಟೆ. ಒಂದೊಂದೇ ಎಂಸಿಬಿ ಇಳಿಸುವುದು, ಇಸ್ತ್ರಿ ಪೆಟ್ಟಿಗೆ ಹಾಕಿ ನೋಡುವುದು. ಲೈಟಿನ ಎಂಸಿಬಿ ಇಳಿಸಿದಾಗಲೂ ಟ್ರಿಪ್ ಆಯಿತು. ಹಾಗಾದರೆ ಲೈಟಿನ ಲೈನ್ ಸರಿ ಇದೆ ಅಂತ ಅದನ್ನು ಪಟ್ಟಿಯಿಂದ ತೆಗೆದುಹಾಕಿದೆ. ದೊಡ್ಡ ಬುದ್ಧಿವಂತ ನಾನು.

ಕೊನೆಗೆ ಪರಿಚಯದವರೊಬ್ಬರು ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕಳಿಸಿದರು. ಅವರು ಬ್ಯಾಗ್ ಬಿಚ್ಚುವ ಮೊದಲು ಕುರ್ಚಿ ಎಳೆದುಕೊಂಡು ಕೂತು ಕೇಳಿದ್ದು ಒಂದೇ. "ಯಾವಾಗ ಬೀಳುತ್ತೆ ಹೇಳಿ." ಗೀಸರ್ ಹಾಕಿದಾಗ, ಇಸ್ತ್ರಿ ಮಾಡುವಾಗ, ಬರೀ ಲೈಟು ಫ್ಯಾನು ಇದ್ದರೆ ಬೀಳುವುದಿಲ್ಲ ಅಂದೆ. ಮಳೆ ಬಂದಾಗ? ಇಲ್ಲ. ರಾತ್ರಿ ಎಲ್ಲ ಆಫ್ ಇದ್ದಾಗ? ಅಪರೂಪಕ್ಕೆ. ಇತ್ತೀಚೆಗೆ ಗೋಡೆಗೆ ಮೊಳೆ ಹೊಡೆದಿರಾ, ಹೊಸದೇನಾದರೂ ಹಾಕಿಸಿದಿರಾ? ಮೆಟ್ಟಿಲ ಹತ್ತಿರದ ಲೈಟ್ ಬದಲಾಯಿಸಿದ್ದು ನೆನಪಾಯಿತು, ಆದರೆ ಅದು ಲೈಟಿನ ಲೈನ್, ಅದನ್ನು ನಾನು ಚೆಕ್ ಮಾಡಿದ್ದೇನೆ ಅಂದೆ. ಅವರು ನಕ್ಕರು.

"ಎಂಸಿಬಿ ಇಳಿಸಿದ್ರೆ ಫೇಸ್ ಮಾತ್ರ ಕಟ್ ಆಗುತ್ತೆ ಸರ್. ನ್ಯೂಟ್ರಲ್ ಹಾಗೇ ಇರುತ್ತಲ್ಲ."

ನಮ್ಮ ಬೋರ್ಡಿನಲ್ಲಿರುವುದು ಸಿಂಗಲ್ ಪೋಲ್ ಎಂಸಿಬಿಗಳು. ಅದನ್ನು ಇಳಿಸಿದರೂ ಆ ಲೈನಿನ ನ್ಯೂಟ್ರಲ್ ವೈರ್ ಉಳಿದೆಲ್ಲ ನ್ಯೂಟ್ರಲ್‌ಗಳ ಜೊತೆ ಲಿಂಕ್‌ನಲ್ಲೇ (ನ್ಯೂಟ್ರಲ್ ವೈರ್‌ಗಳನ್ನೆಲ್ಲ ಸೇರಿಸುವ ಲೋಹದ ಪಟ್ಟಿ) ಇರುತ್ತದೆ. ಅದು ಎಲ್ಲಾದರೂ ಅರ್ಥಿಂಗ್‌ಗೆ ತಾಗಿಕೊಂಡಿದ್ದರೆ, ಬೇರೆ ಲೈನಿನಿಂದ ವಾಪಸ್ ಬರುತ್ತಿರುವ ಕರೆಂಟೂ ಸ್ವಲ್ಪ ಆ ಕಳ್ಳದಾರಿಯಲ್ಲಿ ಹೋಗುತ್ತದೆ. ಲೋಡ್ ಜಾಸ್ತಿ ಆದಷ್ಟೂ ನ್ಯೂಟ್ರಲ್‌ನ ವೋಲ್ಟೇಜ್ ಅರ್ಥಿಂಗ್‌ಗಿಂತ ಚೂರು ಮೇಲೇರುತ್ತದೆ. ಎರಡೇ ಎರಡು ವೋಲ್ಟ್ ಏರಿತು ಅಂದುಕೊಳ್ಳಿ, ಆ ಕಳ್ಳದಾರಿ 50 ಓಮ್ ಇದ್ದರೆ 40 ಮಿಲಿಆಂಪಿಯರ್ ಸೋರಿಹೋಯಿತು. ಟಪ್. ಅದಕ್ಕೇ ದೊಡ್ಡ ಲೋಡ್ ಹಾಕಿದಾಗ ಬೀಳುತ್ತಿತ್ತು. ತಪ್ಪು ಲೈಟಿನದು, ಬೈಗುಳ ಗೀಸರ್‌ಗೆ.

ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಲಿಂಕ್‌ನಿಂದ ಲೈಟಿನ ನ್ಯೂಟ್ರಲ್ ಬಿಚ್ಚಿ ಪಕ್ಕಕ್ಕೆ ಸರಿಸಿ ಟೇಪ್ ಸುತ್ತಿದರು. ಮೇನ್ ಹಾಕಿ ಗೀಸರ್ ಹಾಕಿದರು, ಇಸ್ತ್ರಿ ಪೆಟ್ಟಿಗೆಯನ್ನೂ ಹಾಕಿದರು. ಬೀಳಲಿಲ್ಲ. ಮತ್ತೆ ಮೇನ್ ಆಫ್. ಆಮೇಲೆ ಬ್ಯಾಗಿನಿಂದ ಕೈಯಲ್ಲಿ ತಿರುಗಿಸುವ ಹಳೇ ಮೆಗ್ಗರ್ ತೆಗೆದರು, ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್ ಅದು. 500 ವೋಲ್ಟ್‌ನದು. ಬಲ್ಬುಗಳನ್ನೆಲ್ಲ ಬಿಚ್ಚಿಸಿ, ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ಕ್ಲಿಪ್ ಹಾಕಿ ತಿರುಗಿಸಿದರು. ಕಡಿಮೆ ಅಂದರೂ 1 ಮೆಗಾಓಮ್ ತೋರಿಸಬೇಕಾದ ಮುಳ್ಳು ಸೊನ್ನೆಗೆ ಅಂಟಿಕೊಂಡು ಕೂತಿತು. ಮಲ್ಟಿಮೀಟರ್ ಸಾಕಲ್ವಾ ಅಂತ ಕೇಳಿದೆ. ಹೀಗೆ ಲೋಹಕ್ಕೆ ಲೋಹ ತಾಗಿದ್ದರೆ ಅದರಲ್ಲೂ ಗೊತ್ತಾಗುತ್ತದೆ, ಆದರೆ ಒದ್ದೆ ಆಗಿದ್ದರೆ, ಇನ್ಸುಲೇಷನ್ ಹಳತಾಗಿದ್ದರೆ ಅದರ ಚಿಕ್ಕ ಬ್ಯಾಟರಿಗೆ ಎಲ್ಲ ಸರಿಯಾಗೇ ಕಾಣುತ್ತದೆ ಅಂದರು.

ಆಮೇಲೆ ಲೈನ್ ಅನ್ನು ಎರಡು ಭಾಗ ಮಾಡಿದರು. ನಡುವಿನ ಜಂಕ್ಷನ್ ಬಾಕ್ಸ್‌ನಲ್ಲಿ ವೈರ್ ಬಿಡಿಸಿ ಆಚೆ ಒಂದು ಸಲ, ಈಚೆ ಒಂದು ಸಲ. ಈಚೆ ಸರಿ. ಆಚೆ ಸೊನ್ನೆ. ಆಚೆ ಇದ್ದದ್ದು ಮೂರೇ ಲೈಟು. ಮೊದಲು ಬಿಚ್ಚಿದ್ದೇ ಮೆಟ್ಟಿಲ ಲೈಟ್.

ಅದರ ತಗಡಿನ ತಳ ಗೋಡೆಯಿಂದ ಬಿಟ್ಟಾಗ ನಾನೂ ಬಗ್ಗಿ ನೋಡಿದೆ. ನ್ಯೂಟ್ರಲ್ ವೈರ್ ತಗಡಿನ ಅಂಚಿಗೂ ಗೋಡೆಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಸ್ಕ್ರೂ ಬಿಗಿ ಮಾಡಿದಾಗ ಅರ್ಥಿಂಗ್‌ಗೆ ಸೇರಿದ್ದ ಆ ತಗಡಿನ ಅಂಚು ಪ್ಲಾಸ್ಟಿಕ್ ಸೀಳಿ ಒಳಗೆ ಹೋಗಿದೆ. ಉಗುರಿನ ಅಂಚಿನಷ್ಟು ತಾಮ್ರ ಹೊಳೆಯುತ್ತಿತ್ತು, ಅಷ್ಟೇ. ಇಷ್ಟಕ್ಕೆ ಒಂದು ಕಾಯಿಲ್, ಒಂದು ಆರ್‌ಸಿಸಿಬಿ, ಒಂದು ತಿಂಗಳ ಬೈಗುಳ. ಸೀಳಿದ್ದು ನ್ಯೂಟ್ರಲ್ ಆಗದೆ ಫೇಸ್ ಆಗಿದ್ದು, ಆ ತಗಡಿಗೆ ಅರ್ಥಿಂಗ್ ಇಲ್ಲದೆ, ಮೇಲಿಂದ ಡೈರೆಕ್ಟ್ ಕೊಟ್ಟಿದ್ದರೆ? ಸ್ಟೂಲ್ ಹತ್ತಿ ಆ ಬಲ್ಬ್ ಬದಲಾಯಿಸುವವನು ನಾನೇ.

ಎಲ್ಲರ ಮನೆಯಲ್ಲೂ ಇದೇ ಕಾರಣ ಅಂತ ಹೇಳುತ್ತಿಲ್ಲ. ಹೊರಗಿನ ಲೈಟಿಗೆ ನೀರು ಇಳಿದಿದ್ದರೆ ಮಳೆಯಲ್ಲಿ ಬೀಳುತ್ತದೆ. ಎರಡು ಲೈನಿನ ನ್ಯೂಟ್ರಲ್ ಅದಲು ಬದಲಾಗಿದ್ದು, ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ ಇದ್ದರೆ, ಲೈಟ್ ಹಾಕಿದ ಕ್ಷಣವೇ ಬೀಳಬಹುದು. ಎಲ್‌ಇಡಿ ಡ್ರೈವರ್‌ಗಳು ಒಂದೊಂದೂ ಚೂರು ಚೂರು ಸೋರುತ್ತವೆ, ತುಂಬಾ ಇದ್ದರೆ ಅದೆಲ್ಲ ಕೂಡಿಕೊಳ್ಳುತ್ತದೆ. 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಅದೇನೂ ದೋಷವಲ್ಲ. ಅದಕ್ಕೇ ಬಿದ್ದಾಗೆಲ್ಲ ಟೈಮು, ಏನೇನು ಆನ್ ಇತ್ತು, ಮಳೆ ಇತ್ತಾ ಅಂತ ಬೋರ್ಡಿನ ಪಕ್ಕ ಒಂದು ಚೀಟಿಯಲ್ಲಿ ಬರೆದಿಡಿ. ಬೋರ್ಡ್ ಮಾತ್ರ ನೀವೇ ಬಿಚ್ಚಬೇಡಿ, ಮೇನ್ ಇಳಿಸಿದರೂ ಅದಕ್ಕೆ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಸೀಳಿದ ವೈರ್ ತುಂಡು ಬದಲಾಯಿಸಿ, ತಗಡಿನ ಅರ್ಥಿಂಗ್ ವೈರ್ ಮತ್ತೆ ಬಿಗಿದು, ಎಲ್ಲ ಮೊದಲಿನಂತೆ ಜೋಡಿಸಿ, ಗೀಸರ್, ಇಸ್ತ್ರಿ, ಮನೆಯ ಅಷ್ಟೂ ಲೈಟ್ ಒಟ್ಟಿಗೆ ಹಾಕಿಸಿದರು. ನಿಂತಿತು. ಟೆಸ್ಟ್ ಬಟನ್ ಒತ್ತಿದರು, ತಕ್ಷಣ ಬಿತ್ತು. ಹೊರಡುವಾಗ "ಹಳೇ ಆರ್‌ಸಿಸಿಬಿ ಎಲ್ಲಿ?" ಅಂತ ಕೇಳಿದರು. ಡ್ರಾಯರಿನಿಂದ ತಂದು ಕೊಟ್ಟೆ. ಜೋಡಿಸಿ ನೋಡಿ ವಾಪಸ್ ನನ್ನ ಕೈಗೇ ಇಟ್ಟರು. "ಚೆನ್ನಾಗೇ ಇದೆಯಲ್ಲ ಸರ್, ಯಾಕೆ ತೆಗೆಸಿದ್ರಿ?"