ಬುಲೆಟ್ ರೈಲಿಗೆ ದೇಶದ ದುಡ್ಡು ಹಾಕಬೇಕೇ?

ಪರ

ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಮಾತೆತ್ತಿದರೆ ನಮ್ಮ ಕಡೆಯವರು ತಕ್ಷಣ ಕೇಳ್ತಾರೆ: ಆ ದುಡ್ಡನ್ನು ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಹಾಕಬಹುದಿತ್ತಲ್ವಾ? ಹಾಗೆಲ್ಲ ಹಾಕಲು ಬರುವುದಿಲ್ಲ. 508 ಕಿ.ಮೀ. ಉದ್ದದ ಈ ಯೋಜನೆಯ ಮೊದಲ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಶೇ 81ರಷ್ಟು ಜಪಾನಿನ ಸಾಲ. ಬಡ್ಡಿ ಶೇ 0.1, ತೀರಿಸಲು 50 ವರ್ಷ. ಇದಕ್ಕೇ ಅಂತ ಕೊಟ್ಟ ಸಾಲ ಅದು. ಅಂಕೋಲಾ ಮಾರ್ಗಕ್ಕಾದರೂ ಅಡ್ಡ ನಿಂತಿರುವುದು ದುಡ್ಡಿಗಿಂತ ಜಾಸ್ತಿ ಪಶ್ಚಿಮ ಘಟ್ಟದ ಕಾಡು.

ಜಪಾನ್ ಕೂಡ ತನ್ನ ಮೊದಲ ಶಿಂಕಾನ್‌ಸೆನ್‌ಗೆ (ಬುಲೆಟ್ ರೈಲಿಗೆ ಅಲ್ಲಿನ ಹೆಸರು) ವಿಶ್ವಬ್ಯಾಂಕಿನಿಂದ ಸಾಲ ತಂದಿತ್ತು. 1964ರಲ್ಲಿ ಆ ಹಳಿ ಬಂದ ಮೇಲೆ ಟೋಕಿಯೊ–ಒಸಾಕಾ ಹಳೇ ಮಾರ್ಗದಲ್ಲಿ ಗೂಡ್ಸ್ ರೈಲು, ಲೋಕಲ್ ರೈಲುಗಳಿಗೆ ಜಾಗ ಸಿಕ್ಕಿತು. ಕೆಲಸ ಕಲಿಯಲು ಎಲ್ಲೋ ಒಂದು ಕಡೆ ಶುರು ಮಾಡಲೇಬೇಕು. ಗಂಟೆಗೆ 280 ಕಿ.ಮೀ. ವೇಗಕ್ಕೆ ಎರಡು ರೈಲು ತಯಾರಿಸುವ ಆರ್ಡರ್ 2024ರಲ್ಲಿ ಸಿಕ್ಕಿದ್ದು ರೈಲು ಬೋಗಿ ತಯಾರಿಸುವ ನಮ್ಮ ಬೆಂಗಳೂರಿನ ಬಿಇಎಂಎಲ್ ಕಂಪನಿಗೆ.

ವಿರೋಧ

ಸಾಲ ಅಗ್ಗ ಅನ್ನುವುದು ಯೆನ್ ಲೆಕ್ಕದಲ್ಲಿ. ತೀರಿಸುವ ನಾವು ದುಡಿಯುವುದು ರೂಪಾಯಿಯಲ್ಲಿ; ಯೆನ್ ಬೆಲೆ ಏರಿದರೆ ನಮ್ಮ ಹೊರೆಯೂ ಏರುತ್ತದೆ. ಇರಲಿ, ನನ್ನ ತಕರಾರು ಸಾಲಕ್ಕಿಂತ ರಾಜ್ಯಗಳು ಹೊರುವ ಪಾಲಿನ ಮೇಲೆ. ಗುಜರಾತ್, ಮಹಾರಾಷ್ಟ್ರ ತಲಾ 5,000 ಕೋಟಿ ಹಾಕಬೇಕು. ಇಬ್ಬರದ್ದೂ ಸೇರಿಸಿದರೂ ಮೊದಲ ಅಂದಾಜಿನ ಹತ್ತನೇ ಒಂದು ಪಾಲು ಆಗುವುದಿಲ್ಲ. ತುಮಕೂರು–ದಾವಣಗೆರೆ ನೇರ ಮಾರ್ಗಕ್ಕೆ ಕರ್ನಾಟಕ ಕಾಮಗಾರಿಯ ಅರ್ಧ ಖರ್ಚು ಹೊರಬೇಕು, ಜಮೀನನ್ನೂ ತಾನೇ ಕೊಡಬೇಕು. ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು! (ಜಮೀನು ಕೊಡುವುದರಲ್ಲಿ ನಮ್ಮ ಸರ್ಕಾರಗಳೂ ಚುರುಕಾಗಿರಲಿಲ್ಲ, ಅದನ್ನೂ ಹೇಳಬೇಕು.)

ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನ ಗೊರಗುಂಟೆಪಾಳ್ಯಕ್ಕೆ ಹೋಗಿ ನೋಡಿ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ. ಕಂಡಕ್ಟರ್ 'ಹಿರಿಯೂರು, ದುರ್ಗ, ದಾವಣಗೆರೆ' ಅಂತ ಕೂಗಿದ ಕೂಡಲೇ ಬಸ್ಸಿನ ಬಾಗಿಲಿಗೆ ಮುಗಿಬೀಳ್ತಾರೆ. ರೈಲಿಗೆ ಹೋಗಬಾರದಾ ಅಂದರೆ, ಅದು ಅರಸೀಕೆರೆ, ಬೀರೂರು ಸುತ್ತಿ ಹೋಗುತ್ತದೆ. ಚಿತ್ರದುರ್ಗದವರು ಚಿಕ್ಕಜಾಜೂರಿನ ತನಕ ಹೋಗಿ ವಾಪಸ್ ತಿರುಗಬೇಕು. ಇವರಿಗೆ ಬೇಕಿರುವುದು ಬುಲೆಟ್ ರೈಲಿನ ಗಂಟೆಗೆ 320 ಕಿ.ಮೀ. ವೇಗವಲ್ಲ, ನೆಟ್ಟಗೆ ಹೋಗುವ ಹಳಿ. ಕೊಡಗಿಗಂತೂ ಯಾವ ಹಳಿಯೂ ಇಲ್ಲ.

ಮೈಸೂರು–ಬೆಂಗಳೂರು–ಚೆನ್ನೈ ಹೈಸ್ಪೀಡ್ ಮಾರ್ಗದ ಮಾತೂ ಇದೆ. ಬಂದರೆ ಅದೂ ರಾಜ್ಯದ ದಕ್ಷಿಣ ಭಾಗಕ್ಕೇ. ಉತ್ತರದ ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ಮೊದಲ ಪ್ಯಾಸೆಂಜರ್ ರೈಲು ಬಂದಿದ್ದೇ 2025ರ ಮೇ ತಿಂಗಳಲ್ಲಿ.