ಜಿ-20 ಅಧ್ಯಕ್ಷತೆ: ನಾನು ಕಳಿಸಿದ ಸಂದೇಶ ತಪ್ಪು

"ಹಂಪಿ ಸಭೆಯಲ್ಲಿ ಎಲ್ಲ ದೇಶಗಳೂ ಸೇರಿ ಭಾರತವನ್ನು ಜಿ-20ರ ಕಾಯಂ ಅಧ್ಯಕ್ಷನನ್ನಾಗಿ ಆರಿಸಿದವು" ಎಂಬ ಸಂದೇಶವನ್ನು ಮೊನ್ನೆ ನಮ್ಮ ಗಂಗಾವತಿ ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದವನು ನಾನೇ. ಅದು ತಪ್ಪು, ಕ್ಷಮಿಸಿ.

ಅಧ್ಯಕ್ಷತೆ ಸರದಿ ಪ್ರಕಾರ ಬರುತ್ತದೆ, ಒಂದು ವರ್ಷಕ್ಕೆ ಮಾತ್ರ. ಇಂಡೊನೇಷ್ಯಾದಿಂದ ನಮ್ಮ ಕೈಗೆ ಬಂದದ್ದು 2022ರ ಡಿಸೆಂಬರ್ 1ಕ್ಕೆ. 2023ರ ನವೆಂಬರ್ 30ಕ್ಕೆ ಅವಧಿ ಮುಗಿದು ಬ್ರೆಜಿಲ್‌ಗೆ ಹೋಯಿತು, ಆಮೇಲೆ ದಕ್ಷಿಣ ಆಫ್ರಿಕಾಕ್ಕೆ. ಈ ತಾರೀಖುಗಳು ಕೇಂದ್ರ ಸರ್ಕಾರದ ಪ್ರಕಟಣೆಗಳಲ್ಲೇ ಇವೆ.

2023ರ ಜುಲೈನಲ್ಲಿ ಹಂಪಿಯಲ್ಲಿ ಸಭೆಗಳು ನಡೆದದ್ದು ಖರೆ. ಆದರೆ ಒಂದು ಸಂಸ್ಕೃತಿ ಕಾರ್ಯತಂಡದ್ದು, ಇನ್ನೊಂದು ಶೆರ್ಪಾಗಳದ್ದು, ಅಂದರೆ ಆಯಾ ದೇಶದ ನಾಯಕರ ಪರವಾಗಿ ಮಾತುಕತೆ ನಡೆಸುವ ಪ್ರತಿನಿಧಿಗಳದ್ದು. ಅಲ್ಲಿ ಯಾವ ಆಯ್ಕೆಯೂ ನಡೆಯಲಿಲ್ಲ. ಕನ್ನಡಿ ಚೂರು, ಕವಡೆ ಪೋಣಿಸಿದ ಸಂಡೂರಿನ ಲಂಬಾಣಿ ಕಸೂತಿ ಅಲ್ಲಿ ಮೆರೆಯಿತು. ಹೆಮ್ಮೆಪಡುವುದಕ್ಕೆ ನಮಗೆ ಅದು ಸಾಕು.

ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅವರಿಗೆಲ್ಲ ದಯವಿಟ್ಟು ಇದನ್ನೂ ಕಳಿಸಿ.