ಬ್ರೂನೋನ ವ್ಯಕ್ತಿತ್ವ: ಜಿಎಸ್‌ಟಿ ಪ್ರತ್ಯೇಕ

ಬೆಂಗಳೂರಿನಲ್ಲಿ ಮನುಷ್ಯರಿಗಾಗಿ ವ್ಯಕ್ತಿತ್ವ ವಿಕಸನ ಶಿಬಿರಗಳು ನಡೆಯುತ್ತಿದ್ದ ಕಾಲ ಹಿಂದೆ ಸರಿದು, ನಾಯಿಗಳ ವ್ಯಕ್ತಿತ್ವದ ಫೋಟೋ ತೆಗೆಯುವ ಕಾಲ ಬಂದಿದೆ. ಶಿಬಿರಕ್ಕೆ ಹೋಗಿಬಂದ ಮನುಷ್ಯನಲ್ಲಿ ಏನಾದರೂ ವಿಕಸಿಸಿತೇ ಎಂಬ ಬಗ್ಗೆ ಮನೆಯವರಿಗೇ ಅನುಮಾನವಿರುತ್ತಿತ್ತು. ಸ್ಟುಡಿಯೋಗೆ ಹೋಗಿಬಂದ ನಾಯಿಯ ವಿಷಯದಲ್ಲಿ ಅಂಥ ಅನುಮಾನಕ್ಕೆ ಎಡೆಯೇ ಇಲ್ಲ. ಅದರ ವ್ಯಕ್ತಿತ್ವವು ಕೆಲವೇ ದಿನಗಳಲ್ಲಿ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿಕೊಂಡು ಮನೆಗೆ ಬಂದು, ಹಾಲಿನ ಗೋಡೆಯಲ್ಲಿ ತಾತನ ಫೋಟೋ ಇದ್ದ ಮೊಳೆಗೇ ನೇತುಬೀಳುತ್ತದೆ. ತಾತನನ್ನು ಒಳಕೋಣೆಗೆ ವರ್ಗಾಯಿಸಲಾಗುತ್ತದೆ.

ಈ ಸ್ಟುಡಿಯೋಗಳು ನೀಡುವ ಭರವಸೆ ಒಂದೇ: ನಿಮ್ಮ ಪ್ರಾಣಿಯಂಥ ಪ್ರಾಣಿ ಜಗತ್ತಿನಲ್ಲಿ ಇನ್ನೊಂದಿಲ್ಲ, ಆ ಅನನ್ಯತೆಯನ್ನು ನಾವು ಸೆರೆಹಿಡಿದು ಕೊಡುತ್ತೇವೆ. ಅನನ್ಯತೆಯು ಬೆಳ್ಳಿ, ಚಿನ್ನ ಮತ್ತು ಪ್ಲಾಟಿನಂ ಎಂಬ ಮೂರು ಪ್ಯಾಕೇಜುಗಳಲ್ಲಿ ಲಭ್ಯವಿದೆ. ಬೆಳ್ಳಿಯಲ್ಲಿ ನಾಯಿಗೆ ಒಂದು ವ್ಯಕ್ತಿತ್ವ ಮತ್ತು ಒಂದು ಬೋ ಟೈ. ಪ್ಲಾಟಿನಂನಲ್ಲಿ ಮೂರು ವ್ಯಕ್ತಿತ್ವಗಳು, ಅಂದರೆ ಮೂರು ಜೊತೆ ಬಟ್ಟೆ. ಆರಿಸಿಕೊಳ್ಳಲು ನಾಲ್ಕಿವೆ: ಯುಗಾದಿಗೆ ಪಂಚೆ ಶಲ್ಯ, ದಸರೆಗೆ ಮೈಸೂರು ಪೇಟ, ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು, ಕ್ರಿಸ್‌ಮಸ್ಸಿಗೆ ಕೆಂಪು ಟೋಪಿ. ರಾಜ್ಯೋತ್ಸವದ ಶಾಲು ಹೊದ್ದ ನಾಯಿಗೆ ಕನ್ನಡದಲ್ಲಿ ‘ಕೂತ್ಕೊ’ ಎಂದರೆ ಅರ್ಥವಾಗುವುದಿಲ್ಲ ಎಂಬುದನ್ನು ಇಲ್ಲಿ ಪ್ರಸ್ತಾಪಿಸುವುದು ಅಪ್ರಸ್ತುತವಾದೀತು. ಮಕ್ಕಳೊಂದಿಗೆ ಕನ್ನಡವನ್ನೂ ನಾಯಿಯೊಂದಿಗೆ ಇಂಗ್ಲಿಷನ್ನೂ ಮಾತನಾಡುತ್ತಿದ್ದ ಮನೆಗಳು ಈಗ ಇಬ್ಬರೊಂದಿಗೂ ಇಂಗ್ಲಿಷನ್ನೇ ಆಡುತ್ತಿರುವುದರಿಂದ ಕನಿಷ್ಠ ತಾರತಮ್ಯವಾದರೂ ನಿವಾರಣೆಯಾಗಿದೆ.

ಫೋಟೋ ತೆಗೆಯುವ ಮುನ್ನ ಒಂದು ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳಲಾಗುತ್ತದೆ. ‘ನಿಮ್ಮ ಮಗುವಿನ ವ್ಯಕ್ತಿತ್ವವನ್ನು ಮೂರು ಪದಗಳಲ್ಲಿ ವರ್ಣಿಸಿ’ ಎಂಬುದು ಅದರ ಜೀವಾಳ. ಎಲ್ಲರೂ ಬರೆಯುವ ಮೂರು ಪದಗಳು ತುಂಟ, ಮುಗ್ಧ, ತಿಂಡಿಪೋತ. ‘ಅಪರಿಚಿತರನ್ನು ಕಂಡರೆ ಏನು ಮಾಡುತ್ತಾನೆ?’ ಎಂಬ ಪ್ರಶ್ನೆಗೆ ‘ಕಚ್ಚುತ್ತಾನೆ’ ಎಂದು ಬರೆಯುವ ತಂದೆತಾಯಿ ಇನ್ನೂ ಹುಟ್ಟಿಲ್ಲ; ‘ಮೊದಲಿಗೆ ಸ್ವಲ್ಪ ಸಂಕೋಚ’ ಎಂದು ಬರೆಯುತ್ತಾರೆ. ಉಳಿದದ್ದನ್ನು ಸ್ಟುಡಿಯೋದವರು ತಳಿಯ ಹೆಸರಿನಿಂದಲೇ ಭರ್ತಿ ಮಾಡಿಕೊಳ್ಳುತ್ತಾರೆ. ಲ್ಯಾಬ್ರಡಾರ್ ಎಂದರೆ ಸ್ನೇಹಜೀವಿ, ಜರ್ಮನ್ ಶೆಫರ್ಡ್ ಎಂದರೆ ಕರ್ತವ್ಯನಿಷ್ಠ, ಪಗ್ ಎಂದರೆ ವಿದೂಷಕ, ಹಸ್ಕಿ ಎಂದರೆ ಚಿಂತಕ. ಹಿಮದ ನಾಡಿನಲ್ಲಿ ಗಾಡಿ ಎಳೆಯಲೆಂದು ಬೆಳೆಸಿದ ಪ್ರಾಣಿಯನ್ನು ಏಪ್ರಿಲ್ ತಿಂಗಳಲ್ಲಿ ಮಹದೇವಪುರದ ಹತ್ತನೆಯ ಮಹಡಿಯ ಬಾಲ್ಕನಿಯಲ್ಲಿ ನಿಲ್ಲಿಸಿದರೆ ಅದು ಚಿಂತಿಸದೆ ಇನ್ನೇನು ಮಾಡೀತು?

ವಿಜ್ಞಾನಿಗಳಿಗೆ ಮಾತ್ರ ಈ ವ್ಯವಹಾರದ ಅರಿವಿಲ್ಲ. ಅಮೆರಿಕದ ಸಂಶೋಧಕರು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಮಾಹಿತಿ ಕಲೆಹಾಕಿ, ಸಾವಿರಾರು ನಾಯಿಗಳ ವಂಶವಾಹಿಗಳನ್ನೂ ಪರಿಶೀಲಿಸಿ, ಒಂದು ನಾಯಿ ಇನ್ನೊಂದಕ್ಕಿಂತ ಭಿನ್ನವಾಗಿ ನಡೆದುಕೊಳ್ಳುವುದರಲ್ಲಿ ತಳಿಯ ಪಾಲು ಸರಿಸುಮಾರು ಶೇ 9 ಮಾತ್ರ ಎಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ನೇಹಜೀವಿ ಎಂದು ದುಡ್ಡು ಕೊಟ್ಟು ತಂದ ಲ್ಯಾಬ್ರಡಾರ್ ಯಾರ ಮುಖವನ್ನೂ ನೋಡದೆ ಸೋಫಾದ ಕೆಳಗೆ ಮಲಗುವುದು ಅದರ ಹಕ್ಕು ಎಂದಾಯಿತು. ಆದರೆ ಸೋಫಾದ ಕೆಳಗಿನ ವ್ಯಕ್ತಿತ್ವಕ್ಕೆ ಪ್ಯಾಕೇಜ್ ಇಲ್ಲ, ಅಲ್ಲಿಗೆ ಲೈಟಿಂಗ್ ಸಿಗುವುದಿಲ್ಲ.

ಪರಿಚಿತ ಕುಟುಂಬವೊಂದರ ಜೊತೆಯಲ್ಲಿ ಇಂಥ ಒಂದು ಚಿತ್ರೀಕರಣವನ್ನು ಕಣ್ಣಾರೆ ನೋಡುವ ಭಾಗ್ಯ ನನಗೂ ಒದಗಿತ್ತು. ನಾಯಕನ ಹೆಸರು ಬ್ರೂನೋ, ಗೋಲ್ಡನ್ ರಿಟ್ರೀವರ್; ಬಾಲದ ತುದಿಯಲ್ಲಿ ಕೂದಲು ಉದುರಿ ಒಂದು ಬೋಳು ಮಚ್ಚೆ, ಮೂಗಿನ ಮೇಲೆ ಬೆಕ್ಕು ಪರಚಿದ ಹಳೆಯ ಗೀರು. ಅವನನ್ನು ಕೂರಿಸಲು ಕೆಂಪು ವೆಲ್ವೆಟ್ಟಿನ ಒಂದು ಸಿಂಹಾಸನವನ್ನು ಸಿದ್ಧಪಡಿಸಲಾಗಿತ್ತು. ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೆ ಏನಾಗುತ್ತದೆ ಎಂದು ಹಿರಿಯರು ಎಚ್ಚರಿಕೆಗಾಗಿ ಹೇಳಿದ್ದ ಗಾದೆಯನ್ನು ಈ ಉದ್ಯಮವು ಸೇವೆಯನ್ನಾಗಿ ಪರಿವರ್ತಿಸಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದೆ. ಬ್ರೂನೋ ಹತ್ತಿಸಿದಾಗಲೆಲ್ಲ ಇಳಿದ. ಸಹಾಯಕನೊಬ್ಬ ಕ್ಯಾಮೆರಾದ ಹಿಂದೆ ನಿಂತು ಕೀಚ್ ಕೀಚ್ ಎನ್ನುವ ರಬ್ಬರ್ ಕೋಳಿಯನ್ನು ಒತ್ತುತ್ತಿದ್ದ; ಇನ್ನೊಬ್ಬ ಲೆನ್ಸಿನ ಮೇಲ್ಗಡೆ ಬೇಯಿಸಿದ ಕೋಳಿಯ ತುಂಡನ್ನು ಹಿಡಿದಿದ್ದ. ಕೋಳಿಯ ಶಬ್ದ ಒಂದು ಕಡೆಯಿಂದ, ವಾಸನೆ ಇನ್ನೊಂದು ಕಡೆಯಿಂದ ಬರುತ್ತಿದ್ದುದರಿಂದ ಬ್ರೂನೋ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದ. ಮುಂದೆ ಆಲ್ಬಮ್ಮಿನಲ್ಲಿ ಆ ಚಿತ್ರದ ಕೆಳಗೆ ‘ಜಿಜ್ಞಾಸು’ ಎಂದು ಅಚ್ಚಾಯಿತು.

ಅರ್ಧ ಗಂಟೆಯಾಗುವಷ್ಟರಲ್ಲಿ ದೀಪಗಳ ಕಾವಿಗೆ ಬ್ರೂನೋ ಬಾಯಿ ತೆರೆದು, ನಾಲಗೆಯನ್ನು ಗಲ್ಲದಾಚೆ ಚೆಲ್ಲಿ, ಏದುಸಿರು ಬಿಡತೊಡಗಿದ. ಛಾಯಾಗ್ರಾಹಕನ ಮುಖ ಅರಳಿತು.

“ಸೂಪರ್ ಮ್ಯಾಮ್! ಬೇಬಿ ನಗ್ತಿದಾನೆ. ಹಾಗೇ ಇರ್ಲಿ, ಹಾಗೇ ಇರ್ಲಿ.”

ಮೂಲೆಯ ಕುರ್ಚಿಯಲ್ಲಿ ಚೀಲ ಹಿಡಿದು ಕೂತಿದ್ದ ಮನೆಯ ಅಜ್ಜಿ ತಡೆಯಲಾರದೆ ಎದ್ದರು. “ನಗೋದೂ ಇಲ್ಲ ಏನೂ ಇಲ್ಲ ಕಣಪ್ಪಾ, ಅದಕ್ಕೆ ಬಾಯಾರಿದೆ. ಮೊದಲು ಒಂದು ಬಟ್ಟಲು ನೀರು ಇಡು.”

“ಅತ್ತೆ, ಐದು ನಿಮಿಷ ಸುಮ್ನಿರಿ, ಅವರಿಗೆ ಗೊತ್ತಿರತ್ತೆ” ಎಂದು ಸೊಸೆ ಸಮಾಧಾನಪಡಿಸಿದರು.

ಅಜ್ಜಿಯ ಮಾತು ಶಾಸ್ತ್ರಸಮ್ಮತವಾಗಿಯೇ ಇತ್ತು. ನಾಯಿಯ ಬೆವರುಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿರುತ್ತವೆ; ಮೈಯ ಕಾವನ್ನು ಅದು ಏದುಸಿರಿನ ಮೂಲಕವೇ ಹೊರಹಾಕಬೇಕು. ತಿನ್ನಲು ಏನೂ ಇಲ್ಲದಾಗ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ ಅದು ಇರುಸುಮುರುಸುಗೊಂಡಿರುವುದರ ಲಕ್ಷಣಗಳೆಂದು ನಾಯಿಗಳ ವರ್ತನೆಯನ್ನು ಬಲ್ಲವರು ಹೇಳುತ್ತಾರೆ. ಸ್ಟುಡಿಯೋದ ಭಾಷೆಯಲ್ಲಿ ಇವುಗಳ ಹೆಸರು ಕ್ರಮವಾಗಿ ‘ತುಂಟತನ’, ‘ಸೋಮಾರಿ ಭಾನುವಾರ’ ಮತ್ತು ‘ಆ್ಯಟಿಟ್ಯೂಡ್’. ಕಡೆಗೆ ಆಯ್ಕೆಯಾದ ಇಪ್ಪತ್ತು ಚಿತ್ರಗಳಲ್ಲಿ ಮೂಗಿನ ಗೀರು ಮಾಯವಾಗಿತ್ತು, ಬಾಲದ ಬೋಳು ಮಚ್ಚೆಗೆ ಕಂಪ್ಯೂಟರಿನಲ್ಲಿ ಕೂದಲು ಬೆಳೆದಿತ್ತು, ಜೊಲ್ಲು ಒರೆಸಿಹೋಗಿತ್ತು. ಕೊರಳಿನ ಹಗ್ಗವನ್ನು ಅಳಿಸುವಾಗ ಅದನ್ನು ಹಿಡಿದಿದ್ದ ಸೊಸೆಯ ಎರಡು ಬೆರಳುಗಳೂ ಅಳಿಸಿಹೋಗಿದ್ದವು. ಅನನ್ಯವಾಗಿದ್ದುದನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿದ ಬ್ರೂನೋ, ಸ್ಟುಡಿಯೋದ ಗೋಡೆಯ ಮೇಲೆ ಮೊದಲೇ ನೇತಾಡುತ್ತಿದ್ದ ಇತರ ಗೋಲ್ಡನ್ ರಿಟ್ರೀವರ್‌ಗಳಂತೆಯೇ ಕಾಣುತ್ತಿದ್ದ.

ನೀರು ಕುಡಿಸುವಾಗ ಅಜ್ಜಿ ನನಗೆ ಹೇಳಿದ್ದು ಹೀಗೆ: “ಇವನು ಕುಕ್ಕರ್ ಮೊದಲನೇ ಸೀಟಿಗೆ ಅಲ್ಲಾಡಲ್ಲ. ಮೂರನೇದು ಆದ ಮೇಲೇ ಅಡುಗೆಮನೆಗೆ ಬರೋದು. ಲಿಫ್ಟ್ ಹತ್ತು ಅಂದ್ರೆ ಪ್ರಾಣ ಹೋದ್ರೂ ಹತ್ತಲ್ಲ. ನಮ್ಮನೆಯವರ ಚಪ್ಪಲಿ ಕಚ್ಚಲ್ಲ, ಆದರೆ ಬಂದವರ ಚಪ್ಪಲೀಲಿ ಎಡಗಾಲಿಂದು ಮಾತ್ರ ಎತ್ಕೊಂಡು ಹೋಗಿ ಬಾತ್‌ರೂಮಿನಲ್ಲಿ ಇಟ್ಟಿರ್ತಾನೆ.” ನನ್ನ ದೃಷ್ಟಿಯಲ್ಲಿ ಆ ದಿನ ಬ್ರೂನೋನ ಚಿತ್ರವನ್ನು ತೆಗೆದದ್ದು ಅಜ್ಜಿ ಒಬ್ಬರೇ. ಅವರು ಬಿಲ್ ಕೊಡಲಿಲ್ಲ.

ಇನ್ನೊಂದು ಜನಪ್ರಿಯ ಪ್ರಕಾರವೆಂದರೆ ತಪ್ಪೊಪ್ಪಿಗೆಯ ಚಿತ್ರ. ಹರಿದ ದಿಂಬಿನ ಪಕ್ಕದಲ್ಲಿ ನಾಯಿಯನ್ನು ಕೂರಿಸಿ, ‘ದಿಂಬನ್ನು ಹರಿದವನು ನಾನೇ, ಕ್ಷಮಿಸಿ’ ಎಂಬ ರಟ್ಟನ್ನು ಕೊರಳಿಗೆ ತೂಗುಹಾಕಿ, ಅದು ಕಿವಿ ಇಳಿಬಿಟ್ಟು ನೆಲ ನೋಡುವಾಗ ಕ್ಲಿಕ್ಕಿಸಲಾಗುತ್ತದೆ; ಅದರ ಕೆಳಗೆ ನೂರಾರು ಜನ ನಗುವ ಮುಖಗಳನ್ನು ಅಂಟಿಸುತ್ತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಪಾಪಪ್ರಜ್ಞೆಯ ಮುಖಭಾವಕ್ಕೂ ತಪ್ಪು ಮಾಡಿದ್ದಕ್ಕೂ ಸಂಬಂಧವಿಲ್ಲ, ಯಜಮಾನರು ಗದರಿದರೆ ತಪ್ಪು ಮಾಡದ ನಾಯಿಯೂ ಹಾಗೆಯೇ ಮುಖ ಮಾಡುತ್ತದೆ ಎಂದು ಕಂಡುಬಂತು. ಗದರಿಸಿ ತಪ್ಪೊಪ್ಪಿಗೆ ಪಡೆಯುವ, ಆಮೇಲೆ ಕೊರಳಿಗೆ ಫಲಕ ಹಾಕಿ ಫೋಟೋ ತೆಗೆಯುವ ಪದ್ಧತಿ ಪೊಲೀಸ್ ಠಾಣೆಗಳಿಂದ ಡ್ರಾಯಿಂಗ್ ರೂಮುಗಳಿಗೆ ವಿಸ್ತರಿಸಿರುವುದನ್ನು ಮಾನವ ಹಕ್ಕುಗಳವರು ಗಮನಿಸಿದಂತಿಲ್ಲ. ಅವರ ವ್ಯಾಪ್ತಿಗೆ ಇದು ಬರುವುದೂ ಇಲ್ಲ.

ಈ ಹುಚ್ಚನ್ನು ನಾವೇ ಕಂಡುಹಿಡಿದೆವೆಂದು ಬೀಗುವಂತಿಲ್ಲ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹ್ಯಾರಿ ಪಾಯಿಂಟರ್ ಎಂಬ ಛಾಯಾಗ್ರಾಹಕ 1870ರ ದಶಕದಲ್ಲಿಯೇ ಬೆಕ್ಕುಗಳನ್ನು ಚಹಾ ಕುಡಿಯುವಂತೆ, ಸೈಕಲ್ ತುಳಿಯುವಂತೆ ಕೂರಿಸಿ, ಕೆಳಗೊಂದು ಶುಭಾಶಯ ಬರೆದು ಮಾರುತ್ತಿದ್ದ. ವಿಕ್ಟೋರಿಯಾ ರಾಣಿಯ ಪ್ರಜೆಗಳೇ ಅದನ್ನು ಕೊಂಡರೆಂದ ಮೇಲೆ ನಮ್ಮ ಐಟಿ ಉದ್ಯೋಗಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ.

ಆದರೂ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಭಾನುವಾರ ಬೆಳಗ್ಗೆ ಬಣ್ಣಬಣ್ಣದ ಕೊರಳಪಟ್ಟಿ ತೊಟ್ಟ ನಾಯಿಗಳನ್ನು ಮರದ ಬುಡಗಳಲ್ಲಿ ನಿಲ್ಲಿಸಿ ಕ್ಯಾಮೆರಾ ಹಿಡಿಯುವ ಕಬ್ಬನ್ ಪಾರ್ಕಿಗೆ ಹೊಂದಿಕೊಂಡೇ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಹತ್ತನೆಯ ಶತಮಾನದ ಒಂದು ಕಲ್ಲು ಅಲ್ಲಿದೆ. ಚೋಳರ ವಿರುದ್ಧದ ತಕ್ಕೋಲದ ಕಾಳಗದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ, ಬೇಕಾದ್ದನ್ನು ಬೇಡು ಎಂದು ಒಡೆಯ ಹೇಳಿದಾಗ, ಗಂಗ ದೊರೆ ಇಮ್ಮಡಿ ಬೂತುಗನ ಆಪ್ತನಾದ ಮಣಲೇರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟಲಿ ಎಂದು ಶಾಸನದಲ್ಲಿ ಕೆತ್ತಿಸಿದರು. ಕಲ್ಲಿನ ಮೇಲಿರುವುದು ಹಂದಿಯ ಮೇಲೆ ಬಿದ್ದ ನಾಯಿ, ಅಷ್ಟೇ. ಅದು ಯಾರ ಕಡೆಗೂ ನೋಡುತ್ತಿಲ್ಲ. ಇಂದಿನ ಸ್ಟುಡಿಯೋದವರ ಕೈಗೆ ಕೊಟ್ಟಿದ್ದರೆ ಹಂದಿಯನ್ನು ಎಡಿಟ್ ಮಾಡಿ ತೆಗೆದು, ಕಾಳಿಯ ಹಣೆಗೆ ಹೂವಿನ ಕಿರೀಟವಿಟ್ಟು, ‘ಕಾಳಿ, ದಿ ವಾರಿಯರ್ ಪ್ರಿನ್ಸೆಸ್’ ಎಂದು ಬರೆದು, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನೂ ಉಚಿತವಾಗಿ ಕೊಡುತ್ತಿದ್ದರು.

ಸಿಂಹಾಸನದ ಆಚೆಗೂ ನಾಯಿಗಳಿವೆ. ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ ಎಂದು ಬಿಬಿಎಂಪಿಯ 2023ರ ಸಮೀಕ್ಷೆ ಹೇಳಿತು. ಸಂತಾನಶಕ್ತಿಹರಣ ಚಿಕಿತ್ಸೆಯಾದ ಗುರುತಿಗೆ ಇವುಗಳ ಕಿವಿಯನ್ನು ಚೂರು ಕತ್ತರಿಸಿ ಬಿಡುತ್ತಾರೆ. ಸರ್ಕಾರದ ಕಣ್ಣಿಗೆ ಬೀದಿನಾಯಿಯ ವ್ಯಕ್ತಿತ್ವವೆಂದರೆ ಆ ಕತ್ತರಿಸಿದ ಚೂರು. ಆದರೆ ಯಾವ ಬೀದಿಗಾದರೂ ಹೋಗಿ ಕೇಳಿ ನೋಡಿ. ಹಾಲಿನ ಬೂತಿನವನು ಹೇಳುತ್ತಾನೆ, ಕರಿಯ ಆಟೋಗೆ ಬೊಗಳುವುದಿಲ್ಲ, ಕೊರಿಯರ್ ಹುಡುಗರ ಬೈಕಿಗೆ ಮಾತ್ರ, ಅದೂ ಹಿಂದೆ ದೊಡ್ಡ ಚೀಲವಿದ್ದರೆ ಮಾತ್ರ. ಹೂವಿನವಳು ಹೇಳುತ್ತಾಳೆ, ಕೆಂಚಿ ಮಂಗಳವಾರ ನಾನ್‌ವೆಜ್ ಹೋಟೆಲಿನ ಮುಂದೆ ಕೂರುವುದಿಲ್ಲ, ಆ ದಿನ ಅಲ್ಲಿ ವ್ಯಾಪಾರ ಕಡಿಮೆ ಎಂದು ಅದಕ್ಕೂ ಗೊತ್ತು. ಇಷ್ಟೊಂದು ವ್ಯಕ್ತಿತ್ವ ರಸ್ತೆಯಲ್ಲಿ ಪುಕ್ಕಟೆಯಾಗಿ ಬಿದ್ದಿದ್ದರೂ ಯಾರೂ ಅದಕ್ಕೆ ಚೌಕಟ್ಟು ಹಾಕಿಸುವುದಿಲ್ಲ. ಯಾರಾದರೂ ಫೋಟೋ ತೆಗೆದರೆ ಅದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರು ಹಾಕಲು.

ಬ್ರೂನೋನ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅವರ ಅಪಾರ್ಟ್‌ಮೆಂಟಿನ ಸಂಘವು ಎಲ್ಲ ಸಾಕುಪ್ರಾಣಿಗಳಿಗೂ ಗುರುತಿನ ಚೀಟಿ ಕಡ್ಡಾಯಗೊಳಿಸಿತು. ನಾಯಿ ಸಾಕುವುದನ್ನಾಗಲಿ ಅವುಗಳು ಲಿಫ್ಟ್ ಬಳಸುವುದನ್ನಾಗಲಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ನಿವಾಸಿಗಳ ಸಂಘಗಳಿಗೆ ಮಾರ್ಗಸೂಚಿ ಕೊಟ್ಟಿರುವುದರಿಂದ, ನಿಷೇಧಿಸಲಾಗದ್ದನ್ನು ನೋಂದಾಯಿಸುವುದೊಂದೇ ಸಂಘಕ್ಕೆ ಉಳಿದಿದ್ದ ಸಂತೋಷ. ನಮೂನೆಯಲ್ಲಿ ಭಾವಚಿತ್ರದ ನಿಯಮಗಳಿದ್ದವು: ಬಿಳಿಯ ಹಿನ್ನೆಲೆ, ನೇರ ನೋಟ, ಎರಡೂ ಕಿವಿ ಕಾಣಬೇಕು, ಬಾಯಿ ಮುಚ್ಚಿರಬೇಕು, ಗುರುತಿನ ಮಚ್ಚೆಗಳು ಸ್ಪಷ್ಟವಾಗಿರಬೇಕು. ಸೊಸೆ ಪ್ಲಾಟಿನಂ ಆಲ್ಬಮ್ಮನ್ನು ಹೊತ್ತುಕೊಂಡು ಕಚೇರಿಗೆ ಹೋದರು. ಪೇಟವಿದ್ದ ಚಿತ್ರದಲ್ಲಿ ಕಿವಿ ಕಾಣಲಿಲ್ಲ; ಶಾಲು ಹೊದ್ದದ್ದರಲ್ಲಿ ಬಾಯಿ ತೆರೆದಿತ್ತು; ಜಿಜ್ಞಾಸುವಿನ ತಲೆ ವಾಲಿತ್ತು; ಮಚ್ಚೆಗಳನ್ನು ದುಡ್ಡು ಕೊಟ್ಟು ಅಳಿಸಿಯಾಗಿತ್ತು.

ಕಾರ್ಯದರ್ಶಿಗಳು ಕನ್ನಡಕ ಏರಿಸಿ ಇಪ್ಪತ್ತೂ ಚಿತ್ರಗಳನ್ನು ನೋಡಿ, ಇದು ಇದೇ ನಾಯಿಯೆಂದು ನಂಬುವುದು ಹೇಗೆ ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಸೆಕ್ಯುರಿಟಿಯವನು ಆಲ್ಬಮ್ಮಿನ ಕಡೆ ನೋಡಲೇ ಇಲ್ಲ.

“ನಮ್ ಬ್ರೂನೋ ತಾನೇ ಸಾರ್? ಬಿ ಬ್ಲಾಕು. ಲಿಫ್ಟ್ ಹತ್ತಲ್ಲ, ಆರು ಮಹಡಿ ಮೆಟ್ಲಲ್ಲೇ ಇಳೀತಾನೆ. ಮೊನ್ನೆ ನಿಮ್ ಎಡಗಾಲಿನ ಚಪ್ಪಲಿ ಸಿಕ್ಕಿರ್ಲಿಲ್ಲ ನೋಡಿ, ಅವನೇ.”

ಕಾರ್ಯದರ್ಶಿಗಳು ಕನ್ನಡಕ ತೆಗೆದಿಟ್ಟು, ಅದನ್ನು ಬರೆದುಕೊಳ್ಳಲು ನಮೂನೆಯಲ್ಲಿ ಕಾಲಂ ಇಲ್ಲವೆಂದು ಹೇಳಿ ಅರ್ಜಿಯನ್ನು ಹಿಂದಿರುಗಿಸಿದರು.